ಕಲ್ಲಿನ ದನಿ ಕೇಳುತ್ತ ಮೊರೇರ ಗುಡ್ಡಕ್ಕೆ

ದೊಡ್ಡಪ್ಪನಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ್ದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲಿನ ಒಂದು ಕಲ್ಲುಗೋರಿ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದು, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ. ಅವರು ಗೋರಿಯನ್ನು ನೋಡಲೇ ಇಲ್ಲ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಚಪ್ಪಡಿಯ ಅಂಚನ್ನು ನೋಡುತ್ತ ಕೂತರು. “ಇದನ್ನ ಎಬ್ಬಿಸಿದೋರು ಯಾರೋ?” ಅಂದರು. 2,000 ವರ್ಷಕ್ಕಿಂತ ಹಳೆಯದು, ಯಾರು ಅಂತ ಹೆಸರು ಗೊತ್ತಿಲ್ಲ ಅಂದೆ. ಆವತ್ತು ಮಾತು ಅಲ್ಲಿಗೆ ನಿಂತಿತು. ಮಾರನೇ ದಿನ ಸಂಜೆ ಮನೆಗೇ ಬಂದು, “ಅಲ್ಲಿಗೆ ಹೋಗಕ್ಕೆ ಎಷ್ಟೊತ್ತಾಗುತ್ತೆ?” ಅಂತ ಕೇಳಿದರು.

ದೊಡ್ಡಪ್ಪ ನಲವತ್ತು ವರ್ಷ ಚಿಕ್ಕಬಳ್ಳಾಪುರದ ಕಡೆಯ ಗುಡ್ಡಗಳಲ್ಲಿ ಕಲ್ಲು ಒಡೆದವರು. ಮನೆಗೆ ಹಾಸುವ ಚಪ್ಪಡಿ, ತೋಟದ ಬೇಲಿಗೆ ನೆಡುವ ಕಂಬ, ಬಾವಿಕಟ್ಟೆಯ ಕಲ್ಲು, ಎಲ್ಲ ಅವರ ಕೈಯಿಂದ ಎದ್ದದ್ದೇ. ಈಗ ಎಪ್ಪತ್ತು ದಾಟಿದೆ. ಕೆಮ್ಮು ಇದೆ, ಮಂಡಿ ನೋವಿದೆ. ಆದರೂ ಅವರನ್ನು ಬಿಟ್ಟು ಹೋಗುವ ಯೋಚನೆ ನನಗೆ ಬರಲಿಲ್ಲ. ಡಿಸೆಂಬರ್ ಕೊನೆಯ ವಾರ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಅವರ ಚೀಲದಲ್ಲಿ ಎರಡು ಜೊತೆ ಬಟ್ಟೆ, ಮಾತ್ರೆ, ಒಂದು ಸಣ್ಣ ಸುತ್ತಿಗೆ, ಮತ್ತೆ ರಟ್ಟು ಸವೆದ ಒಂದು ಲೆಕ್ಕದ ಪುಸ್ತಕ. ಎಬ್ಬಿಸಿದ ಕಲ್ಲಿನ ಊರು, ಅಳತೆ, ಎಷ್ಟು, ಕೂಲಿ ಎಷ್ಟು, ಎಲ್ಲವನ್ನೂ ಅವರು ಅದರಲ್ಲೇ ಬರೆಯುತ್ತಿದ್ದರು. ಕೆಲಸ ಬಿಟ್ಟ ಮೇಲೂ ಪುಸ್ತಕ ಬಿಟ್ಟಿರಲಿಲ್ಲ.

ಮೊದಲ ದಿನ: ಕೊಪ್ಪಳ

ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಸ್ಟೇಷನ್ನಿನ ಹತ್ತಿರ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ, ಚಹಾ. ಹಸಿಮೆಣಸಿನಕಾಯಿಯನ್ನು ಬೆಳಿಗ್ಗೆಯೇ ತಿನ್ನುವ ಊರು ದೊಡ್ಡಪ್ಪನಿಗೆ ಹೊಸದು. ಒಂದು ಕಚ್ಚಿ, ನೀರು ಕುಡಿದು, ಇನ್ನೊಂದು ತರಿಸಿಕೊಂಡರು.

ನೇರ ಗಂಗಾವತಿಗೆ ಹೋಗಬಹುದಿತ್ತು. ಕೊಪ್ಪಳದಲ್ಲಿ ಇಳಿಯಲು ಕಾರಣ ಅಶೋಕ. ಈ ಊರಿನಲ್ಲಿ ಅವನ ಎರಡು ಶಾಸನಗಳಿವೆ, ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠದಲ್ಲಿ ಜನವರಿ ಜಾತ್ರೆಯ ತಯಾರಿ ಶುರುವಾಗಿತ್ತು. ಆವರಣದ ತುಂಬ ಬೊಂಬು, ತಗಡು, ಓಡಾಡುವ ಹುಡುಗರು. ಶಾಸನದ ಬಂಡೆಯ ಹತ್ತಿರ ನಾವಿಬ್ಬರೇ. ದೊಡ್ಡಪ್ಪ ಅಕ್ಷರಗಳ ಮೇಲೆ ಬೆರಳಾಡಿಸಲು ಹೋಗಿ, ಬೇಲಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೊಡ್ಡವರು ಮಾತ್ರವಲ್ಲ, ಸಣ್ಣ ಮನುಷ್ಯನೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಲ್ಲ ಎಂಬ ಮಾತು ಇದರಲ್ಲಿದೆ ಅಂತ ಹೇಳಿದೆ. “ಹೇಳಿದೋನು ರಾಜ. ಕೆತ್ತಿದೋನು ಸಣ್ಣ ಮನುಷ್ಯ. ಅವನಿಗೆ ಓದಕ್ಕೆ ಬರ್ತಿತ್ತಾ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ಪಾಲ್ಕಿಗುಂಡು ನೋಡಿದ ಮೇಲೆ ಅವರ ಮುಖ ಅರಳಿತು. ಗುಡ್ಡದ ನೆತ್ತಿಯಲ್ಲಿ ಬಂಡೆಗಳ ಮೇಲೆ ಒಂದು ದೊಡ್ಡ ಚಪ್ಪಟೆ ಬಂಡೆ ಕೂತಿದೆ, ಪಲ್ಲಕ್ಕಿಯ ಮೇಲ್ಛಾವಣಿಯ ಹಾಗೆ. ಹೆಸರೂ ಅದರಿಂದಲೇ. ಯಾರೂ ಇಟ್ಟದ್ದಲ್ಲ; ಮಳೆ ಗಾಳಿ ಬಿಸಿಲು ಸುತ್ತಲಿನ ಸಡಿಲು ಭಾಗವನ್ನೆಲ್ಲ ತಿಂದು ಉಳಿಸಿದ್ದು. “ಇದನ್ನ ದಿನಾ ನೋಡ್ತಿದ್ದೋರಿಗೆ ಮನೆ ಕಟ್ಟೋದು ಯಾರೂ ಕಲಿಸಬೇಕಾಗಿಲ್ಲ” ಅಂದರು ದೊಡ್ಡಪ್ಪ. ಕಲ್ಲುಗೋರಿಗಳ ಬಗ್ಗೆ ನಾನು ಓದಿದ್ದರಲ್ಲಿ ಎಲ್ಲೂ ಸಿಕ್ಕದ ಮಾತು. ಈ ಸೀಮೆಯಲ್ಲಿ ಎಲ್ಲಿ ತಿರುಗಿದರೂ ಒಂದರ ಮೇಲೊಂದು ನಿಂತ ಗುಂಡುಗಳು. ಕಲ್ಲಿನ ಮೇಲೆ ಕಲ್ಲು ನಿಲ್ಲುತ್ತದೆ ಎಂಬುದನ್ನು ಇಲ್ಲಿನ ಮಗು ಹುಟ್ಟಿದಾಗಿನಿಂದ ನೋಡುತ್ತದೆ.

ಅಶೋಕನ ಕಾಲ ಕ್ರಿ.ಪೂ. 3ನೇ ಶತಮಾನ. ಹಿರೇಬೆಣಕಲ್ಲಿನ ಗೋರಿಗಳನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರ ನಡುವೆ ಇಡುತ್ತಾರೆ. ಅಂದರೆ ಇಲ್ಲಿ ಯಾರೋ ರಾಜನ ಮಾತನ್ನು ಬಂಡೆಗೆ ಕೆತ್ತುತ್ತಿದ್ದ ಕಾಲಕ್ಕೆ, ಒಂದು ದಿನದ ನಡಿಗೆಯ ದೂರದ ಗುಡ್ಡದ ಮೇಲೆ ಅಕ್ಷರದ ಗೊಡವೆಯಿಲ್ಲದ ಜನ ತಮ್ಮವರಿಗಾಗಿ ಚಪ್ಪಡಿ ನಿಲ್ಲಿಸುತ್ತಿದ್ದಿರಬಹುದು. ಇದನ್ನು ಯೋಚಿಸುತ್ತ ಗಂಗಾವತಿ ಬಸ್ಸಿನಲ್ಲಿ ಕೂತೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಕ್ಕಲ್ಲಿಂದ ಭತ್ತದ ಗದ್ದೆ ಶುರುವಾಗುತ್ತದೆ, ಆಮೇಲೆ ಊರೂರಿಗೂ ಅಕ್ಕಿ ಗಿರಣಿ. ರಾತ್ರಿ ಗಂಗಾವತಿಯ ಲಾಡ್ಜಿನಲ್ಲಿ ದೊಡ್ಡಪ್ಪ ಹತ್ತಕ್ಕೇ ಮಲಗಿದರು.

ಎರಡನೇ ದಿನ: ಹಿರೇಬೆಣಕಲ್

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್. ಆರೂವರೆಗೆ ಆಟೊ ಹಿಡಿದೆವು. ಊರಿನಲ್ಲಿ ಕುರಿ ಕಾಯುವ ಒಬ್ಬರು ದಾರಿ ತೋರಿಸಲು ಒಪ್ಪಿದರು. ಗುರುತಿನ ಬಾಣಗಳನ್ನು ನಂಬಿ ನೀವಷ್ಟೇ ಹೋಗಬೇಡಿ, ಕರಡಿ ಓಡಾಡುತ್ತವೆ ಎಂದು ಆಟೊದವನೇ ಹೇಳಿದ್ದ. ಕುರಿಯವರು ದೊಡ್ಡಪ್ಪನನ್ನು ನೋಡಿ, “ಅಜ್ಜಾರು ಏರ್ತಾರೇನ್ರೀ?” ಅಂತ ನನ್ನನ್ನು ಕೇಳಿದರು. ದೊಡ್ಡಪ್ಪ ಉತ್ತರ ಕೊಡದೆ ಮುಂದೆ ನಡೆದರು.

ದಾರಿ ಕಡಿದಲ್ಲ, ಆದರೆ ಉದ್ದ. ಎರಡು ಗುಂಡುಗಳ ಸಂದಿಯಲ್ಲಿ ನುಸುಳು, ಬೋಳು ಬಂಡೆಯ ಮೇಲೆ ನಡೆ, ಮತ್ತೆ ಮುಳ್ಳುಪೊದೆ. ಮಧ್ಯೆ ಬಂಡೆಯಾಸರೆಗಳ ಗೋಡೆಯಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಕೈ ಕೈ ಹಿಡಿದು ಸಾಲಾಗಿ ನಿಂತ ಮನುಷ್ಯರು, ಜಿಂಕೆ, ಗೂಳಿ, ಕುದುರೆ. ಒಂದು ಕಡೆ ಹೊಗೆಯ ಮಸಿ ಹಿಡಿದು ಅರ್ಧ ಚಿತ್ರ ಹೋಗಿದೆ. ಇನ್ನೊಂದು ಕಡೆ ಯಾರೋ ತಮ್ಮ ಹೆಸರಿನ ಪಕ್ಕ ಇನ್ನೊಂದು ಹೆಸರು ಬರೆದು ನಡುವೆ ಬಾಣ ಬಿಟ್ಟಿದ್ದಾರೆ, ಬಿಳಿ ಪೇಂಟಿನಲ್ಲಿ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕುರಿಯವರು ತಮ್ಮದೇ ತಪ್ಪೇನೋ ಎಂಬಂತೆ ಮುಖ ತಿರುಗಿಸಿ, “ನಡೀರಿ ಸರ, ಮ್ಯಾಲ ಚಲೋ ಅದಾವು” ಅಂದರು.

ಒಂದೂವರೆ ತಾಸಿನ ಮೇಲೆ ಮೊದಲ ಗುಂಪು ಕಂಡಿತು. ಅದು ಸಣ್ಣದು, ಗಿಡ್ಡ ಗೋರಿಗಳು, ಕೆಲವು ಗುಂಡಿನ ಕೆಳಗಿನ ಸಂದಿಯನ್ನೇ ಕಲ್ಲಿಟ್ಟು ಮುಚ್ಚಿ ಮಾಡಿದಂಥವು. ಅಲ್ಲಿಂದ ಮುಂದೆ ಒಂದು ಹೊಂಡ. ಸುತ್ತ ಬಂಡೆ ಹಾಸು, ನಡುವೆ ಹಸಿರು ನೀರು, ಬೇಸಿಗೆಯಲ್ಲೂ ಬತ್ತುವುದಿಲ್ಲವಂತೆ. ಈ ಹೊಂಡವೇ ಗಣಿಯಾಗಿತ್ತು, ಗೋರಿಯ ಚಪ್ಪಡಿಗಳನ್ನು ಇಲ್ಲಿಂದಲೇ ಎಬ್ಬಿಸಿದರು ಎಂಬುದು ಸಂಶೋಧಕರ ಅಭಿಪ್ರಾಯ. ನಾನು ಅದನ್ನು ಹೇಳುವ ಮೊದಲೇ ದೊಡ್ಡಪ್ಪ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಚೀಲದಿಂದ ಸುತ್ತಿಗೆ ತೆಗೆದು, ಅದರ ಮರದ ಹಿಡಿಯಿಂದ ಹಾಸನ್ನು ಮೆಲ್ಲಗೆ ತಟ್ಟಿದರು. ಟಣ್. ಒಂದು ಮಾರು ಸರಿದು ಮತ್ತೆ ತಟ್ಟಿದರು. ಟಣ್. ಮೂರನೇ ಜಾಗದಲ್ಲಿ ದನಿ ಬೇರೆ ಬಂತು, ಬೋರಲು ಹಾಕಿದ ಮಡಕೆಯ ಮೇಲೆ ಬಡಿದ ಹಾಗೆ.

“ಕೇಳಿಸ್ತಾ? ಇಲ್ಲಿ ಪದರ ಬಿಟ್ಟಿದೆ.”

ಆಮೇಲೆ ಅವರು ಅಲ್ಲೇ ಕೂತು ಹೇಳಿದ್ದನ್ನು ನಾನು ಮರೆಯಲಾರೆ. ಅವರ ಅಪ್ಪನ ಕಾಲದಲ್ಲಿ ದೊಡ್ಡ ಚಪ್ಪಡಿ ಬೇಕೆಂದರೆ ಸಿಡಿಮದ್ದು ಹಾಕುತ್ತಿರಲಿಲ್ಲ. ಬಂಡೆಯ ಮೇಲೆ ಸೌದೆಯ ಸಾಲು ಹಾಕಿ ಸಣ್ಣ ಉರಿ ಇಡುವುದು. ಕಲ್ಲು ಕಾಯುತ್ತ ಮೇಲಿನ ಪದರ ಹಿಗ್ಗಿ ಕೆಳಗಿನದರಿಂದ ಬಿಡಿಸಿಕೊಳ್ಳುತ್ತದೆ. ಒಬ್ಬ ಸುತ್ತಿಗೆ ಹಿಡಿದು ತಟ್ಟುತ್ತ ಕೂತಿರುತ್ತಾನೆ. ದನಿ ಟೊಳ್ಳಾಯಿತು ಅಂದರೆ ಅಲ್ಲಿಯವರೆಗೆ ಕಲ್ಲು ಎದ್ದಿದೆ, ಉರಿಯನ್ನು ಮುಂದಕ್ಕೆ ಸರಿಸಬೇಕು. ಉರಿ ಹೆಚ್ಚಾದರೆ ಚಪ್ಪಡಿ ಚೂರು. ಕಡಿಮೆಯಾದರೆ ದಿನವಿಡೀ ಸುಟ್ಟರೂ ಏನೂ ಇಲ್ಲ. “ಕಣ್ಣಲ್ಲಿ ಮಾಡೋ ಕೆಲಸ ಅಲ್ಲ ಕಣೋ ಇದು. ಕಿವೀಲಿ ಮಾಡೋದು. ನಮ್ಮಪ್ಪ ಒಳ್ಳೇ ಉರಿಯೋನು ಅಂತ ಹೆಸರು ಮಾಡಿದ್ದ. ನಾನು ಕಲಿಯೋ ಹೊತ್ತಿಗೆ ತಮಟೆ, ಮದ್ದು ಎಲ್ಲ ಬಂತು.” ತಮಟೆ ಅಂದರೆ ಕಲ್ಲು ಕೊರೆಯುವ ಕಂಪ್ರೆಸರ್‌ಗೆ ಅವರ ತಂಡ ಇಟ್ಟಿದ್ದ ಹೆಸರು.

ಹೊಂಡದಿಂದ ಪೂರ್ವಕ್ಕೆ ಹೋದರೆ ದೊಡ್ಡ ಗುಂಪು. ಫೋಟೊ ಎಷ್ಟು ನೋಡಿದ್ದರೂ ಎದುರಿಗೆ ನಿಂತಾಗ ನಾನು ತಯಾರಿರಲಿಲ್ಲ. ಎತ್ತರದ ಬಯಲಿನ ಮೇಲೆ ಒಂದರ ಪಕ್ಕ ಒಂದು ಕಲ್ಲಿನ ಮನೆಗಳು, ಒಂದು ಊರಿನ ಹಾಗೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ನಡುವೆ ಓಣಿಗಳಂಥ ಜಾಗ. ಗುಡ್ಡದ ಮೇಲೆಲ್ಲ ಸೇರಿ ಸುಮಾರು 400 ಗೋರಿಗಳು. ಜನ ಇದನ್ನು ಮೊರೇರ ಗುಡ್ಡ ಅನ್ನುತ್ತಾರೆ. ಮೊರೇರು ಯಾರು ಎಂದು ಕುರಿಯವರನ್ನು ಕೇಳಿದೆ.

“ನಮ್ಮ ಮುತ್ಯಾ ಹೇಳ್ತಿದ್ದ ರೀ. ಗೇಣುದ್ದದ ಮಂದಿ ಅಂತ. ಆದ್ರ ಆನೀ ಬಲ. ಇಲ್ಲಾಂದ್ರ ಇಂಥಾ ಕಲ್ಲ ಎತ್ತಾಕ ಆಗತೈತೇನ್ರೀ? ನೋಡ್ರೀ, ಬಾಗ್ಲ ಎಷ್ಟ ಸಣ್ಣದೈತಿ.”

ಕಿಂಡಿಯನ್ನು ಬಾಗಿಲು ಅಂದುಕೊಂಡರೆ ಒಳಗಿದ್ದವರು ಗಿಡ್ಡರೇ ಆಗಬೇಕು. ಚಪ್ಪಡಿ ಎತ್ತಿದ್ದನ್ನು ನೋಡಿದರೆ ಬಲಶಾಲಿಗಳೇ ಆಗಬೇಕು. ಕಣ್ಣೆದುರಿನ ಎರಡು ಸಂಗತಿಗಳನ್ನು ಒಟ್ಟಿಗೆ ಹೊಂದಿಸಿದ ಕಥೆ ಇದು, ನನಗೆ ಬಹಳ ಇಷ್ಟವಾಯಿತು. ಕೆಲವರು ಮೊರೇರು ಅಂದರೆ ಮೌರ್ಯರು ಅಂತ ಕೊಪ್ಪಳದ ಶಾಸನಗಳಿಗೆ ಗಂಟು ಹಾಕುತ್ತಾರೆ. ಬೇರೆ ಕಡೆ ಇಂಥ ಗೋರಿಗಳಿಗೆ ಪಾಂಡವರ ಹೆಸರಿದೆ, ತೆಲುಗು ಸೀಮೆಯಲ್ಲಿ ರಾಕ್ಷಸರ ಗುಡಿ ಎಂಬ ಅರ್ಥದ ಹೆಸರು. ಕಟ್ಟಿದವರು ಮನುಷ್ಯರು ಎಂದು ನಂಬುವುದು ಯಾರಿಗೂ ಸುಲಭವಾಗಿರಲಿಲ್ಲ.

ಆದರೆ ದೊಡ್ಡಪ್ಪನಿಗೆ ಅನುಮಾನವೇ ಇರಲಿಲ್ಲ. ಅವರು ಒಂದೇ ಒಂದು ಗೋರಿಯನ್ನು ಆರಿಸಿಕೊಂಡು ಅದರ ಹತ್ತಿರ ಒಂದು ತಾಸು ಕಳೆದರು. ಎದ್ದು ನಿಂತದ್ದು ಮೂರು ಚಪ್ಪಡಿ. ನಾಲ್ಕನೆಯದು ಒಳಮುಖವಾಗಿ ಬಿದ್ದು ಎರಡು ತುಂಡಾಗಿದೆ. ಮುಚ್ಚಳ ಒಂದು ಕಡೆಗೆ ಜಾರಿದರೂ ಬಿದ್ದಿಲ್ಲ. ನಾನು ಟೇಪು ಹಿಡಿದೆ, ಅವರು ಓದಿದರು. ಮುಚ್ಚಳ ಉದ್ದ 10 ಅಡಿ, ಅಗಲ 7 ಅಡಿ, ದಪ್ಪ ಸುಮಾರು 8 ಇಂಚು. ಬಾಯಲ್ಲೇ ಲೆಕ್ಕ ಹಾಕಿದರು. ಹತ್ತಿರ ಹತ್ತಿರ 47 ಘನ ಅಡಿ. ಘನ ಅಡಿಗೆ 75 ಕಿಲೋ ಹಿಡಿದರೆ ಮೂರೂವರೆ ಟನ್. “ಹಾರೆ ಹಾಕಿ ಒಂದಂಗುಲ ಎತ್ತು, ಕೆಳಗೆ ಕಲ್ಲು ತುರುಕು. ಮತ್ತೆ ಒಂದಂಗುಲ. ಮಣ್ಣಿನ ಏರಿ ಹಾಕಿ, ದಿಮ್ಮಿ ಮೇಲೆ ಉರುಳಿಸಿ ತಂದಿರ್ತಾರೆ. ಮೂವತ್ತು ಜನ ಒಂದೇ ಉಸಿರಲ್ಲಿ ಐಸಾ ಅಂದ್ರೆ ಬರುತ್ತೆ. ಆನೆ ಬಲ ಬೇಡ. ಒಬ್ಬ ಹೇಳೋನು ಬೇಕು, ಉಳಿದೋರು ಅವನ ಮಾತು ಕೇಳಬೇಕು.”

ಆಮೇಲೆ ಅಂಚು. ಹೊಸ ಚಪ್ಪಡಿಯ ಅಂಚಿನಲ್ಲಿ ಉಳಿ ಹೊಡೆದ ಗುಳಿಗಳ ಸಾಲು ಇರುತ್ತದೆ. ಇಲ್ಲಿ ಅದು ಒಂದೂ ಇಲ್ಲ. ಬದಲಿಗೆ ಅಂಚಿನುದ್ದಕ್ಕೂ ಬೊಗಸೆಯಾಕಾರದ ಚಕ್ಕೆ ಎದ್ದ ಗುರುತು. ದಪ್ಪ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ಅಂಚು ನೇರ ಮಾಡಿದ್ದಾರೆ ಅಂದರು. ಪಕ್ಕದ ಗೋರಿಯ ಕಿಂಡಿಗೆ ಕೈ ಹಾಕಿ ಒಳಗಿನಿಂದ ಸವರಿದರು. ಒಂದು ಮೊಳದಷ್ಟು ಅಗಲದ ಕಿಂಡಿ. ತುಟಿಯ ಹತ್ತಿರ ಚಪ್ಪಡಿ ತೆಳುವಾಗಿದೆ. “ಎರಡೂ ಕಡೆಯಿಂದ ಕುಟ್ಕೊಂಡು ಬಂದು ಮಧ್ಯೆ ಕೂಡಿಸಿದ್ದಾರೆ. ಒಂದೇ ಕಡೆಯಿಂದ ಹೋಗಿದ್ರೆ ಆಚೆ ಕಡೆ ಹಲಗೆಯಷ್ಟಗಲ ಕಿತ್ಕೊಂಡು ಹೋಗೋದು. ತಪ್ಪು ಮಾಡಿ ಕಲಿತಿರೋರು ಇವರು.” ಅವರ ಬೆರಳುಗಳು ಆ ತುಟಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಓಡಾಡಿದವು.

ಕಿಂಡಿ ಏಕೆ ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ನೆಲದೊಳಗಿನ ಇಂಥ ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಅವುಗಳಲ್ಲೂ ಪೂರ್ವದ ಚಪ್ಪಡಿಗೆ ಕಿಂಡಿ ಇತ್ತು. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಹಾಗೆ ಒಂದರ ತುದಿ ಇನ್ನೊಂದನ್ನು ದಾಟುವಂತೆ ನಿಲ್ಲಿಸಿದ್ದರು. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು. ಹೆಣವನ್ನು ಹಾಗೇ ಹೂಳದೆ, ಬೇರೆ ಕಡೆ ಇಟ್ಟು, ಆಮೇಲೆ ಮೂಳೆ ಆಯ್ದು ತಂದು ಇಡುತ್ತಿದ್ದರು. ಒಂದು ಮನೆತನದವರು ಒಬ್ಬೊಬ್ಬರಾಗಿ ಬಂದು ಸೇರುವ ಜಾಗ ಅಂದುಕೊಂಡರೆ ಕಿಂಡಿಗೆ ಅರ್ಥ ಬರುತ್ತದೆ. ಸ್ವಸ್ತಿಕದ ಮಾತಿಗೆ ದೊಡ್ಡಪ್ಪ ತಲೆಯಾಡಿಸಿದರು. “ಹೊರಗಿನ ಮಣ್ಣು ಎಷ್ಟು ನೂಕಿದರೂ ಒಂದು ಇನ್ನೊಂದನ್ನ ಹಿಡ್ಕೊಳ್ಳುತ್ತೆ.”

ಇಲ್ಲಿನ ಗೋರಿಗಳ ಒಳಗೆ ಈಗ ಏನೂ ಇಲ್ಲ. ಮಣ್ಣು, ಒಣಗಿದ ಎಲೆ, ಕುರಿಯ ಹಿಕ್ಕೆ. ಎಷ್ಟೋ ಗೋರಿಗಳ ನೆಲವನ್ನು ನಿಧಿಗಳ್ಳರು ಅಗೆದಿದ್ದಾರೆ. ಬಂಗಾರ ಹುಡುಕಿ ಬಂದವರಿಗೆ ಮಡಕೆ ಚೂರು ಸಿಕ್ಕಿರುತ್ತದೆ, ಸಿಟ್ಟಿಗೆ ಚಪ್ಪಡಿಯನ್ನೇ ಉರುಳಿಸಿದ್ದಾರೆ. ದೊಡ್ಡಪ್ಪ ಆರಿಸಿಕೊಂಡ ಗೋರಿಯ ನಾಲ್ಕನೇ ಚಪ್ಪಡಿ ತಾನಾಗಿ ಬಿದ್ದದ್ದಲ್ಲ, ಬುಡದಲ್ಲಿ ಅಗೆದ ಗುಂಡಿ ಕಾಣಿಸುತ್ತದೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅ. ಸುಂದರ ಅವರಂಥ ವಿದ್ವಾಂಸರು ಉತ್ತರ ಕರ್ನಾಟಕದ ಈ ಗೋರಿಗಳಿಗಾಗಿ ವರ್ಷಗಟ್ಟಲೆ ಗುಡ್ಡ ಸುತ್ತಿದರು. ಅವರಿಗಿಂತ ನೂರು ವರ್ಷಕ್ಕೂ ಮೊದಲೇ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದು, ಯುರೋಪಿನಲ್ಲೂ ಇಂಥವೇ ಇವೆ ಎಂದು ಬೆರಗಾಗಿ ಬರೆದಿದ್ದ. ಇಷ್ಟೆಲ್ಲ ಆದರೂ ಒಂದು ರಾತ್ರಿ, ಎರಡು ಹಾರೆ ಸಾಕು, ಒಂದು ಗೋರಿ ಹೋಗುತ್ತದೆ. ಇದನ್ನು ಬರೆಯುವಾಗಲೂ ನನಗೆ ಕೈ ನಡುಗುತ್ತದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕುರಿಯವರು ತಂದ ಹಸಿ ಈರುಳ್ಳಿ. ಉಂಡ ಮೇಲೆ ಅವರು ನಗಾರಿ ಗುಂಡು ತೋರಿಸಿದರು. ಎತ್ತರದ ಬಂಡೆಯ ನೆತ್ತಿಯ ಮೇಲೆ ಅರ್ಧ ಗೋಲದಂಥ ಕಲ್ಲು, ನಗಾರಿಯನ್ನು ಕೂರಿಸಿದ ಹಾಗೆ. ಬಡಿದರೆ ಸುತ್ತಲೂ ಬಹಳ ದೂರ ಕೇಳುತ್ತದೆ. ದೊಡ್ಡಪ್ಪ ಕೆಳಗೇ ಉಳಿದರು. ನಾನು ಕುರಿಯವರ ಕೈ ಹಿಡಿದು ಹತ್ತಿದೆ. ಅವರು ಒಂದು ಮರದ ತುಂಡಿನಿಂದ ಬಡಿದರು. ಕಲ್ಲಿನ ದನಿ ಅಂತ ಯಾರೂ ಹೇಳಲಾರರು. ದೇವಸ್ಥಾನದ ದೊಡ್ಡ ಗಂಟೆಯ ಕೆಳದನಿ, ಎದೆಗೂಡಿನಲ್ಲಿ ತಾಗುವಂಥದ್ದು. ಎರಡನೇ ಸಲ ನಾನು ಬಡಿದೆ. ಕೆಳಗೆ ನೋಡಿದರೆ ದೊಡ್ಡಪ್ಪ ಒಂದು ಗೋರಿಯ ಚಪ್ಪಡಿಗೆ ಕಿವಿ ಆನಿಸಿ ನಿಂತಿದ್ದಾರೆ. ಇನ್ನೊಂದು ಸಲ ಅಂತ ಕೈ ಮಾಡಿದರು. ಬಡಿದೆ.

ಇಳಿದ ಮೇಲೆ ಕೇಳಿದೆ, ಏನು ಕೇಳಿಸಿತು ಅಂತ.

“ಈ ಕಲ್ಲನ್ನ ಇಲ್ಲಿಗೆ ಬಂದು ತಟ್ಟಿ ನೋಡಿ ಕಂಡುಹಿಡಿದೋನು ಅದೇ ಹೊಂಡದ ಹತ್ರ ಕೂತಿದ್ದೋನೇ. ಅವನಿಗೆ ತಟ್ಟೋದು ಅಭ್ಯಾಸ ಆಗಿತ್ತು.”

ಮೂರನೇ ದಿನ: ಇಳಕಲ್, ಐಹೊಳೆ

ದೊಡ್ಡಪ್ಪನ ಮಂಡಿ ಊದಿತ್ತು. ಐಹೊಳೆ ಬಿಟ್ಟುಬಿಡೋಣ ಅಂದೆ, ಕೇಳಲಿಲ್ಲ. ಬಾಡಿಗೆ ಕಾರು ಮಾಡಿ ಕುಷ್ಟಗಿ ದಾಟಿ ಇಳಕಲ್ ಕಡೆ ಹೊರಟೆವು. ಇಳಕಲ್ ಎಂದರೆ ನಮಗೆ ಸೀರೆ. ದೊಡ್ಡಪ್ಪನಿಗೆ ಕೆಂಪು ಗ್ರಾನೈಟು. ರಸ್ತೆ ಪಕ್ಕ ಮನೆಯಷ್ಟು ದೊಡ್ಡ ಕೆಂಪು ದಿಮ್ಮಿಗಳನ್ನು ಸಾಲಾಗಿ ಇಟ್ಟಿದ್ದರು, ಆರೂ ಮಗ್ಗುಲು ಚಾಕುವಿನಲ್ಲಿ ಬೆಣ್ಣೆ ಕೊಯ್ದ ಹಾಗೆ. ವಜ್ರದ ಹರಳು ಕೂರಿಸಿದ ತಂತಿಯಲ್ಲಿ ಕೊಯ್ಯುತ್ತಾರೆ. ಕಾರು ನಿಲ್ಲಿಸಲು ಹೇಳಿದರು. ಇಳಿದು, ಒಂದು ದಿಮ್ಮಿಯನ್ನು ಅಂಗೈಯಿಂದ ಸವರಿ, “ಒಳ್ಳೇ ಕಲ್ಲು” ಅಂದು ಬಂದು ಕೂತರು. ತಟ್ಟಲಿಲ್ಲ.

ಐಹೊಳೆಯ ಮೇಗುತಿ ಬೆಟ್ಟಕ್ಕೆ ಎಲ್ಲರೂ ಹತ್ತುವುದು ರವಿಕೀರ್ತಿಯ ಶಾಸನಕ್ಕಾಗಿ, ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೇಳುವ 634ರ ಶಾಸನ. ದೇವಾಲಯದ ಹಿಂದಕ್ಕೆ ನಡೆದು ಹೋಗುವವರು ಕಡಿಮೆ. ಅಲ್ಲಿ ಕುರುಚಲ ನಡುವೆ ಹತ್ತಾರು ಕಲ್ಲುಗೋರಿಗಳಿವೆ. ಹಿರೇಬೆಣಕಲ್ಲಿನ ಮುಂದೆ ಇವು ಸಣ್ಣವು, ಸಪ್ಪೆ ಅಂತಲೂ ಅನಿಸಬಹುದು. ಮರಳುಗಲ್ಲು, ಪದರ ಪದರವಾಗಿ ತಾನೇ ಏಳುತ್ತದೆ, ಉರಿ ಬೇಡ. ದೊಡ್ಡಪ್ಪ ಒಂದನ್ನು ತಟ್ಟಿದರು. ದನಿ ಬರಲಿಲ್ಲ, ಮಣ್ಣಿನ ಗೋಡೆಗೆ ಬಡಿದಂತೆ ಮೊದ್ದು. ಅವರಿಗೆ ಬೇಸರವಾಗಲಿಲ್ಲ. “ಈ ಕಲ್ಲು ಬೇರೆ, ಇದರ ಕೆಲಸಗಾರ ಬೇರೆ” ಅಂದರು.

ನೆರಳಿಗೆ ಕೂತು ಚೀಲದಿಂದ ಲೆಕ್ಕದ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಕಣ್ಣು ಕಾಣಲ್ಲ, ನೀನು ಬರಿ ಅಂದರು. ಕೊನೆಯ ಬರಹ ಹನ್ನೊಂದು ವರ್ಷ ಹಿಂದಿನದು, ಯಾರದೋ ತೋಟಕ್ಕೆ 60 ಕಂಬ. ಅದರ ಕೆಳಗೆ ಗೆರೆ ಎಳೆದು ಅವರು ಹೇಳಿದಂತೆ ಬರೆದೆ. ಊರು, ಹಿರೇಬೆಣಕಲ್. ಮುಚ್ಚಳದ ಚಪ್ಪಡಿ, 10 ಅಡಿ, 7 ಅಡಿ, 8 ಇಂಚು. ನಗ 1. ಕೂಲಿಯ ಕಾಲಂ ಬಂದಾಗ ಪೆನ್ನು ಹಿಡಿದು ಕಾದೆ. ಅವರು ಬೆಟ್ಟದ ಕೆಳಗಿನ ಊರನ್ನು ನೋಡುತ್ತಿದ್ದರು.

“ಅದನ್ನ ಹಾಗೇ ಬಿಡು” ಅಂದರು.